ವಿರಾಮದ ಗುಂಡಿ

"ತಾಯೀ, ಒಂದು ಗುಂಡಿ ತೆಗೆಯೋಕೆ ನಿನಗೆ ಎಷ್ಟು ದಿನ ಬೇಕು? ಹೊಸದಾಗಿ ಏನಾದ್ರೂ ಕಟ್ಟು ಅಂದ್ನಾ ನಾನು? ಇರೋದನ್ನ ಕಿತ್ತು ಬಿಸಾಕು ಅಂದಿದ್ದು."

ಇಷ್ಟನ್ನೂ ಆತ ನಗುತ್ತಲೇ ಹೇಳಿದ. ಅದಕ್ಕೇ ನಾವು ಆತನಿಗೆ ನಗುಮುಖ ಎಂದು ಹೆಸರಿಟ್ಟಿದ್ದೆವು. ದಿನಾ ಬೆಳಿಗ್ಗೆ ತಂಡದವರೆಲ್ಲ ದುಂಡಗೆ ನಿಂತು, ನಿನ್ನೆ ಏನು ಮಾಡಿದೆ, ಇವತ್ತು ಏನು ಮಾಡುತ್ತೇನೆ ಎಂದು ಆತನಿಗೆ ಒಪ್ಪಿಸಬೇಕು. ಒಪ್ಪಿಸಿದ್ದು ರುಚಿಸಿದರೆ ಕೂರಬಹುದು, ಇಲ್ಲದಿದ್ದರೆ ನಿಂತೇ ಇರಬೇಕು. ಆವತ್ತು ನಿಂತಿದ್ದವಳು ನಾನೊಬ್ಬಳೇ. ಪಕ್ಕದಲ್ಲಿ ದಪ್ಪ ಕನ್ನಡಕದ ಗೆಳೆಯ ಸೋಡಾಬುಡ್ಡಿ ತನ್ನ ಬೂಟಿನ ದಾರ ನೋಡುತ್ತ ಕೂತಿದ್ದ. ಎದುರಿಗೆ ನಾವು ಗುಬ್ಬಿ ಎನ್ನುತ್ತಿದ್ದ ಹುಡುಗಿ ಕಂಪ್ಯೂಟರಿನ ಪರದೆಯ ಹಿಂದೆ ಮುಖ ಮರೆಸಿಕೊಂಡಿದ್ದಳು. ನಾವು ಮೂವರೂ ಓದು ಮುಗಿಸಿ ಒಟ್ಟಿಗೆ ಕೆಲಸಕ್ಕೆ ಸೇರಿದವರು, ಇನ್ನೂ ಕಾಯಂ ಆಗದವರು. ಕಾಯಂ ಮಾಡುವುದು, ಮನೆಗೆ ಕಳಿಸುವುದು ಎರಡೂ ನಗುಮುಖನ ಕೈಯಲ್ಲಿತ್ತು.

"ಇವತ್ತು ತೆಗೆದು ಪರೀಕ್ಷೆ ಮಾಡಿ ನೋಡ್ತೀನಿ ಸರ್."

"ಸರ್ ಅನ್ಬೇಡ ಅಂತ ಎಷ್ಟು ಸಲ ಹೇಳ್ಲಿ? ನಾವೆಲ್ಲ ಇಲ್ಲಿ ಒಂದೇ ಮನೆಯವರ ಹಾಗೆ." ಆತ ಉಳಿದವರ ಕಡೆ ತಿರುಗಿದ. "ತಲೆ ಇಲ್ಲದಿದ್ರೂ ಪರವಾಗಿಲ್ಲ, ಕೈಯಾದ್ರೂ ಓಡ್ಬೇಕು. ಎಲ್ಲಿಂದ ಹಿಡ್ಕೊಂಡು ಬರ್ತಾರೋ ಇಂಥವರನ್ನ."

ಎಲ್ಲರೂ ನಕ್ಕರು. ನಾನೂ ನಕ್ಕೆ. ಆ ನಗು ನೆನೆದರೆ ಈಗಲೂ ಮೈ ಉರಿಯುತ್ತದೆ.

ನಮ್ಮದು ಒಂದು ದೊಡ್ಡ ಗೋದಾಮಿನವರಿಗೆ ತಂತ್ರಾಂಶ ಮಾಡಿಕೊಡುವ ಕಂಪನಿ. ಅಲ್ಲಿ ಪೊಟ್ಟಣ ಕಟ್ಟುವವರ ಮಣಿಕಟ್ಟಿಗೆ ಗಡಿಯಾರದಂಥ ಒಂದು ಯಂತ್ರ ಬಿಗಿಯುತ್ತಾರೆ. ಕಟ್ಟಿದ ಪ್ರತಿ ಪೊಟ್ಟಣವನ್ನೂ ಅದಕ್ಕೆ ತೋರಿಸಬೇಕು. ಸ್ವಲ್ಪ ಹೊತ್ತು ತೋರಿಸದಿದ್ದರೆ ಅದು ಬಡಿದುಕೊಳ್ಳುತ್ತದೆ. ಮೂರು ಸಲ ಬಡಿದುಕೊಂಡರೆ ಮರುದಿನ ಅವರಿಗೆ ಗೇಟು ತೆರೆಯುವುದಿಲ್ಲ, ಆ ದಿನದ ಕೂಲಿಯೂ ಇಲ್ಲ. ಯಾಕೆ ಎಂದು ಕೇಳೋಣವೆಂದರೆ ಗೇಟಿನಲ್ಲಿ ಮನುಷ್ಯರೇ ಇರುವುದಿಲ್ಲ. ಕಕ್ಕಸಿಗೆ ಹೋಗಿಬರುವವರಿಗೆಂದು ಆ ಯಂತ್ರದಲ್ಲಿ 'ವಿರಾಮ' ಎಂಬ ಗುಂಡಿಯೊಂದಿತ್ತು. ಒತ್ತಿದರೆ, ವಾಪಸ್ ಬರುವ ತನಕ ಲೆಕ್ಕ ನಿಲ್ಲುತ್ತಿತ್ತು. ಅದು ಗೋದಾಮಿನ ಮಾಲೀಕರ ಕಣ್ಣಿಗೆ ಬಿತ್ತು. ತೆಗೆಯುವ ಕೆಲಸ ನನ್ನ ಪಾಲಿಗೆ ಬಂತು.

ಅದೇ ಗೋದಾಮಿನಲ್ಲಿ ನನ್ನ ಅಕ್ಕ ಪೊಟ್ಟಣ ಕಟ್ಟುತ್ತಾಳೆ. ನನ್ನನ್ನು ಓದಿಸಿದವಳು ಅವಳೇ.

ಆವತ್ತು ತಲೆ ತಗ್ಗಿಸಿ ಕೂತು ಗುಂಡಿ ತೆಗೆದೆ. ಏನನ್ನೇ ಆಗಲಿ ಅಸಲಿ ಗೋದಾಮಿಗೆ ಬಿಡುವ ಮುಂಚೆ ನಕಲಿ ಗೋದಾಮಿನಲ್ಲಿ ಓಡಿಸಿ ನೋಡುವುದು ನಮ್ಮ ಪದ್ಧತಿ. ಅದು ಕಂಪ್ಯೂಟರಿನೊಳಗೇ ಇರುವ ಗೋದಾಮು. ಅಲ್ಲಿ ಏನು ಮಾಡಿದರೂ ಯಾರಿಗೂ ಏನೂ ಆಗುವುದಿಲ್ಲ. ಓಡಿಸಲು ಒಬ್ಬ ಕೆಲಸಗಾರರ ಸಂಖ್ಯೆ ಬೇಕು. ನನಗೆ ಬಾಯಿಗೆ ಬರುತ್ತಿದ್ದದ್ದು ಅಕ್ಕನದು ಮಾತ್ರ, ಅದನ್ನೇ ಕೊಟ್ಟೆ. ಪೊಟ್ಟಣ ತೋರಿಸದೆ ಎದ್ದು ಹೋದಂತೆ ಓಡಿಸಿದಾಗ ಪರದೆಯೊಳಗಿನ ಯಂತ್ರ ಬಡಿದುಕೊಂಡಿತು. ಇನ್ನೆರಡು ಸಲ ಓಡಿಸಿ ಖಾತ್ರಿ ಮಾಡಿಕೊಂಡೆ. ಎಲ್ಲ ಸರಿಯಿದೆ ಎಂದು ತಿಳಿಸಿ ಮನೆಗೆ ಹೋದೆ.

ಅಕ್ಕ ಚಪ್ಪಲಿಯನ್ನೂ ಬಿಚ್ಚದೆ ಬಾಗಿಲಲ್ಲೇ ಕೂತಿದ್ದಳು.

"ನಾಳೆ ಬರಬೇಡಿ ಅಂತ ಬಂದಿದೆ ಕಣೇ. ತಲೆ ಎತ್ತಿಲ್ಲ ನಾನು ಇವತ್ತು. ವಿರಾಮ ಒತ್ತಿ ಎದ್ದು ಹೋದ್ರೂ ಮೇಸ್ತ್ರಿ ಬೈತಾನೆ ಅಂತ ಬೆಳಗ್ಗೆಯಿಂದ ನೀರೂ ಕುಡಿದಿಲ್ಲ. ಕೈತುಂಬ ಪೊಟ್ಟಣ ಇದ್ದಾಗಲೇ ಬಡ್ಕೊಳ್ತು ಹಾಳಾದ್ದು, ಮೂರು ಸಲ. ಮೇಸ್ತ್ರಿ ಎಲ್ಲರ ಮುಂದೆ ನಿಲ್ಲಿಸಿ, ಏನೇ, ಕೆಲಸಕ್ಕೆ ಬರ್ತೀಯಾ ಇಲ್ಲಾ ಉಚ್ಚೆ ಹುಯ್ಯೋಕೆ ಬರ್ತೀಯಾ ಅಂದ. ಬೋಳಿಮಗ."

ಯಾವ ಹೊತ್ತಿಗೆ ಎಂದು ಕೇಳಿದೆ. ಹೇಳಿದಳು. ನಾನು ಓಡಿಸಿ ನೋಡಿದ ಹೊತ್ತೇ ಅದು. ಯಾರೋ ಅವಸರದಲ್ಲಿ ನಕಲಿ ಗೋದಾಮನ್ನು ಅಸಲಿಗೇ ಜೋಡಿಸಿ ಮರೆತಿದ್ದಾರೆ ಎಂಬುದು ಆಗ ಹೊಳೆಯಿತು. 

"ಅಕ್ಕಾ, ಅದು ತಾನಾಗೇ ಬಡ್ಕೊಂಡಿದ್ದಲ್ಲ. ನಾನು ಬಡಿಸಿದ್ದು."

ಎಲ್ಲವನ್ನೂ ಹೇಳಿದೆ. ಅಕ್ಕ ನನ್ನನ್ನೇ ನೋಡಿದಳು.

"ನಿನ್ನ ಮನೆ ಹಾಳಾಗ ಅಂತ ಬೈಯೋಣ ಅಂದ್ರೆ ಅದೂ ನನ್ನ ಮನೇನೇ," ಎಂದಳು. ನಗಲಿಲ್ಲ. "ಆ ಗುಂಡಿ ನಿಜವಾಗ್ಲೂ ತೆಗೀತಾರಾ?"

"ನಾಳೆ."

"ಮುಟ್ಟಾದೋರು ಏನ್ ಮಾಡ್ಬೇಕಂತೆ? ವಯಸ್ಸಾದೋರು ಏನ್ ಮಾಡ್ಬೇಕಂತೆ? ನಿಂತಲ್ಲೇ ಬಿಟ್ಕೊಳ್ಬೇಕಾ?"

ಅಕ್ಕ ಚಪ್ಪಲಿ ಬಿಚ್ಚಿ ಮೂಲೆಗೆಸೆದಳು.

"ತೆಗಿ ಹೋಗು. ನೀನಲ್ಲದಿದ್ರೆ ಇನ್ನೊಬ್ಬ ತೆಗೀತಾನೆ. ಇಬ್ಬರೂ ಬೀದಿಗೆ ಬಿದ್ರೆ ಮಣ್ಣು ತಿನ್ನೋಣ್ವಾ?"

ಬೆಳಿಗ್ಗೆ ಎಲ್ಲರೂ ದುಂಡಗೆ ನಿಂತಾಗ ನಡೆದದ್ದನ್ನು ನಗುಮುಖನಿಗೆ ಒಪ್ಪಿಸಿದೆ.

"ಅಂದ್ರೆ ಚೆನ್ನಾಗಿ ಕೆಲಸ ಮಾಡುತ್ತೆ ಅಂತಾಯ್ತು," ಎಂದ. "ಒಳ್ಳೇದೇ ಅಲ್ವಾ?"

"ಏನೂ ತಪ್ಪು ಮಾಡದೋರಿಗೆ ಗೇಟು ಮುಚ್ಚಿದೆ ಸರ್. ಇವತ್ತು ಒಳಗೆ ಬಿಡೋಕೆ ಹೇಳಿ."

"ಸಾವಿರಾರು ಜನ ಇದಾರೆ ಅಲ್ಲಿ. ಒಬ್ಬಳಿಗೋಸ್ಕರ ನಿನಗ್ಯಾಕೆ ಇಷ್ಟು ಕಳಕಳಿ?"

"ಅವಳು ನನ್ನಕ್ಕ."

ನಗು ಇನ್ನಷ್ಟು ಅಗಲವಾಯಿತು. "ಓಹೋ. ಗ್ರಾಹಕರ ಕೆಲಸದಲ್ಲಿ ಮನೆಯವರ ಸಂಖ್ಯೆ ಹಾಕಿ ಆಟ ಆಡಿದೀಯಾ. ಇದನ್ನ ಮೇಲಿನವರಿಗೆ ಹೇಳಿದ್ರೆ ನಿನ್ನ ಕಥೆ ಏನು, ನಿಮ್ಮಕ್ಕನ ಕಥೆ ಏನು? ನಾನು ಹೇಳಲ್ಲ. ನೀನು ಸುಮ್ನೆ ಬಂದು ಒತ್ತು."

ಬದಲಾವಣೆ ಬರೆದವರೇ ಒತ್ತಿ ಅದನ್ನು ಅಸಲಿ ಗೋದಾಮಿಗೆ ಬಿಡಬೇಕು ಎಂಬುದು ನಮ್ಮಲ್ಲಿಯ ರಿವಾಜು. ಉಳಿದವರು ಸುತ್ತ ನಿಂತು ಚಪ್ಪಾಳೆ ಹೊಡೆಯುತ್ತಾರೆ. ನಾನು ಕುರ್ಚಿಯಲ್ಲಿ ಕೂತೆ. ಎಲ್ಲರೂ ಬೆನ್ನ ಹಿಂದೆ ಬಂದು ನಿಂತರು. ಪರದೆಯ ಮೇಲೆ 'ಬಿಡುಗಡೆ' ಎಂಬ ಹಸಿರು ಚೌಕವಿತ್ತು. ನನಗೆ ಹೆದರಿಕೆಯಾಗಿತ್ತು, ಸುಳ್ಳೇಕೆ ಹೇಳಲಿ. ಆದರೆ ಅಕ್ಕ ನೀರು ಕುಡಿಯದೆ ಕಳೆದ ಹಗಲುಗಳೆಲ್ಲ ಆ ಹೊತ್ತಿಗೆ ನೆನಪಾದವು.

"ನಾನು ಒತ್ತಲ್ಲ."

"ಯಾಕಂತೆ?"

"ನಿಮಗೆ ಉಚ್ಚೆ ಬಂದ್ರೆ ಯಾರನ್ನ ಕೇಳಿ ಎದ್ದು ಹೋಗ್ತೀರಿ ಸರ್?"

ಹಿಂದೆ ಯಾರೋ ಕೆಮ್ಮಿದರು. ನಗುಮುಖ ಕೊರಳಪಟ್ಟಿ ಸರಿಮಾಡಿಕೊಂಡ. "ಗುರುತಿನ ಚೀಟಿ ಇಲ್ಲಿಟ್ಟು ಎದ್ದೇಳು."

ಕೊರಳಿಂದ ತೆಗೆದು ಮೇಜಿನ ಮೇಲಿಟ್ಟೆ. ಏಳಲಿಲ್ಲ.

"ಸರಿ. ಏಯ್, ನೀನು ಬಾ. ಒತ್ತು."

ಕರೆದದ್ದು ಸೋಡಾಬುಡ್ಡಿಯನ್ನು. ಅವನ ಮನೆ ನಿಂತಿರುವುದು ಅವನೊಬ್ಬನ ದುಡಿಮೆಯ ಮೇಲೆ. ಅವನು ಒತ್ತಿದ್ದರೆ ನಾನು ಖಂಡಿತ ಬೈಯುತ್ತಿರಲಿಲ್ಲ. ಅವನು ಮುಂದೆ ಬಂದ, ಕನ್ನಡಕ ತೆಗೆದ, ಅಂಗಿಯ ತುದಿಯಿಂದ ನಿಧಾನವಾಗಿ ಒರೆಸಿ, ನನ್ನ ಚೀಟಿಯ ಪಕ್ಕ ಮಡಚಿಟ್ಟ.

"ಕಣ್ಣು ಕಾಣ್ತಿಲ್ಲ ಸರ್," ಎಂದ.

ಯಾರೂ ನಗಲಿಲ್ಲ. ಮೊದಲ ಸಲ ನಗುಮುಖನೂ ನಗಲಿಲ್ಲ. ಗುಬ್ಬಿಯ ಹೆಸರು ಹಿಡಿದು ಕೂಗಿದ.

ಗುಬ್ಬಿ ಬಂದಳು. ನನ್ನ ಮುಖ ನೋಡಲಿಲ್ಲ. ಬಗ್ಗಿ ಮೌಸ್ ಮೇಲೆ ಕೈಯಿಟ್ಟಳು. ನಾನು ಆ ಕೈಯ ಮೇಲೆ ನನ್ನ ಕೈಯಿಟ್ಟೆ. ಅವಳು ಕೈ ಬಿಡಿಸಿಕೊಳ್ಳಲೂ ಇಲ್ಲ, ಒತ್ತಲೂ ಇಲ್ಲ. ನಮ್ಮ ಬೆನ್ನ ಹಿಂದೆ ಯಾರೋ, ಒತ್ತಿಯಾಯಿತು ಎಂದುಕೊಂಡು, ಆಗಲೇ ಚಪ್ಪಾಳೆ ಶುರುಮಾಡಿದ್ದರು.