ಎರೆಯುವವಳಿಗೆ ಗೊತ್ತಿದ್ದ ಲೆಕ್ಕ

ನಾನು ಸರಣ್ಯಾ, ಕಾಮಯಗೌಂಡನ್‌ಪಟ್ಟಿಯ ನರ್ಸ್. ನನ್ನ ರಿಜಿಸ್ಟರಿನಲ್ಲಿ ನೂರಾ ಎಂಬತ್ತು ಗಂಡುಕೂಸುಗಳಿವೆ. ಬೀಜ ಇಳಿಯದವರು ಎಷ್ಟು ಅನ್ನುವ ಕಡೆ ಮೂರು ವರ್ಷದಿಂದ ಸೊನ್ನೆ. ಹುಟ್ಟುವಾಗ ನೂರರಲ್ಲಿ ಮೂರು ಕೂಸಿಗಾದರೂ ಬೀಜ ಚೀಲಕ್ಕೆ ಇಳಿದಿರುವುದಿಲ್ಲ, ವರ್ಷ ತುಂಬಿದರೂ ಒಂದಕ್ಕೆ ಹಾಗೇ ಉಳಿಯುತ್ತದೆ. ನಮ್ಮೂರಿಗೆ ಮಾತ್ರ ದೇವರು ರಿಯಾಯಿತಿ ಕೊಟ್ಟಿದ್ದಾನೆ! ಚಡ್ಡಿ ಬಿಚ್ಚಿ ಎಂದರೆ ತಾಯಂದಿರು ಕೂಸನ್ನೇ ಕಿತ್ತುಕೊಳ್ಳುತ್ತಾರೆ. ಎಂಟು ತಿಂಗಳ ಕೂಸಿಗೆ, "ಊರಿಗೆ ಗೊತ್ತಾದ್ರೆ ಆಮ್ಯಾಕೆ ಹೆಣ್ಣು ಯಾರ್ ಕೊಡ್ತಾರೆ?" ಅನ್ನುತ್ತಾರೆ.

ನನ್ನ ಸಿಟ್ಟಿಗೆ ಕಾರಣವಿದೆ. ಗಂಡ ಸತೀಶ್‌ಕುಮಾರ್‌ಗೆ ಎರಡೂ ಇಳಿದಿಲ್ಲ ಎಂದು ಮದುವೆಯಾದ ಮೇಲೆ ನಾನೇ ಕಂಡುಹಿಡಿದೆ. ಆಗಲೇ ಅವನಿಗೆ ಮೂವತ್ತು. "ಒಂದೂವರೆ ವರ್ಷದೊಳಗೆ ಆಪರೇಷನ್ ಆಗಿದ್ದರೆ ಮಕ್ಕಳಾಗುತ್ತಿದ್ದವೇನೋ..." ಎಂದು ದಿಂಡಿಗಲ್ ಡಾಕ್ಟರು ರಾಗ ಎಳೆದರು. ಮನೆಯಲ್ಲಿ ಹೇಳಬೇಡ ಎಂದ ಗಂಡ. ಹೇಳಲಿಲ್ಲ.

ಊರಿನ ಕೂಸುಗಳಿಗೆಲ್ಲ ಎಣ್ಣೆ ಹಚ್ಚಿ ನೀರೆರೆಯುವುದು ಮುನಿಯಮ್ಮಾಳ್ ಅಜ್ಜಿ. ಕಾಲು ಚಾಚಿ ಕೂಸನ್ನು ಮೇಲೆ ಮಲಗಿಸಿಕೊಂಡರೆ ಅವಳ ಕೈಗೆ ತಿಳಿಯದ್ದು ಏನೂ ಇಲ್ಲ. ನಿನ್ನೆ ಅವಳನ್ನು ಬೀದಿಯಲ್ಲೇ ತಡೆದೆ.

"ಬೀಜ ಇಳೀದೇ ಇರೋ ಕೂಸು ಊರಾಗೆ ಎಷ್ಟೈತೆ, ಅಜ್ಜೀ?"

"ಈಗ ಒಂದೇ. ವರ್ಸ ತುಂಬ್ತು ಅದುಕ್ಕೆ."

"ಯಾರ ಮನೇದು?"

ಅಜ್ಜಿ ಸೆರಗಿಗೆ ಕೈ ಒರೆಸಿಕೊಂಡಳು. "ಅದು ಮಾತ್ರ ಕೇಳ್ಬ್ಯಾಡ, ತಾಯಿ."

ನನಗೆ ಪಿತ್ತ ನೆತ್ತಿಗೇರಿತು. "ಇನ್ನಾರು ತಿಂಗ್ಳಾಗೆ ಆಪರೇಷನ್ ಆಗ್ಬೇಕು. ನಮ್ಮನೆಯವ್ರಿಗೂ ಎಳೇದ್ರಲ್ಲಿ ನೀನೇ ಎರ್ದಿದ್ದು. ಅವಾಗ್ಲೂ ಹಿಂಗೇ ಬಾಯಿ ಮುಚ್ಕಂಡಿದ್ದ್ಯಾ?"

"ಹೇಳಿದ್ನಲ್ಲ," ಎಂದಳು ಅಜ್ಜಿ. "ನಿಮ್ಮತ್ತೇಗೆ. ಮೂರನೇ ತಿಂಗ್ಳಾಗೇ ಹೇಳ್ದೆ. ಮಾರ್ನೇ ದಿನದಿಂದ ನನ್ನ ಕರೀಲಿಲ್ಲ. ಕೂಸಿಗೆ ಕಣ್ಣು ಹಾಕ್ತಾಳೆ ಅಂತ ಊರಿಗೆಲ್ಲ ಅಂದ್ಲು, ಇನ್ನೂ ಆರು ಮನೆ ಬಾಗ್ಲು ನಂಗೆ ಮುಚ್ತು. ಆಮ್ಯಾಕೆ ನಾನು ಯಾರ್ಗೂ ಹೇಳಿಲ್ಲ."

ಅತ್ತೆಗೆ ಮೊದಲಿನಿಂದಲೂ ಗೊತ್ತಿತ್ತು.

"ಇವತ್ತು ಬೆಳಿಗ್ಗೇನೂ ಅತ್ತೆ ಬೇರು ಅರ್ದು ನಂಗೇ ಕುಡಿಸಿದ್ರು, ಅಜ್ಜೀ. ಏಳು ವರ್ಸದಿಂದ ಕುಡಿಸ್ತಾ ಅವ್ರೆ, ನಾನು ಬಸುರಿ ಆಗ್ಲಿ ಅಂತ."

ಅಜ್ಜಿ ನನ್ನ ಕೈ ಹಿಡಿದು ಹತ್ತಿರ ಎಳೆದುಕೊಂಡಳು.

"ಆ ಕೂಸು ತಿಲಗವತಿ ಮಗ," ಎಂದಳು. "ನಾನೇ ಹೇಳ್ದೆ ಅನ್ನು. ಬಾಗ್ಲು ಮುಚ್ಚಿದ್ರೆ ಮುಚ್ಲಿ."