ಬುಗುರಿ ಅಜ್ಜಿಯ ಬೆಲ್ಟ್

ಬುಗುರಿ ಅಜ್ಜಿ ಮರ ಕಡೆಯುವ ಲೇತಿನ ಬೆಲ್ಟ್ ಮಾಯವಾದದ್ದು ಸೋಮವಾರ ಬೆಳಿಗ್ಗೆ. ಕದ್ದವನು ಹೊರಗಿನ ಕಳ್ಳನಲ್ಲ, ಹೊಟ್ಟೆಯಲ್ಲಿ ಹುಟ್ಟಿದ ಮಗನೇ. ಕದ್ದದ್ದನ್ನು ಮುಚ್ಚಿಡುವ ಬುದ್ಧಿಯೂ ಅವನಿಗಿರಲಿಲ್ಲ. ತಿಂಡಿ ತಿನ್ನುತ್ತಾ, "ಅಮ್ಮಾ, ಬೆಲ್ಟ್ ನಾನೇ ತೆಗೆದಿಟ್ಟಿದ್ದೀನಿ, ಹುಡುಕಬೇಡ" ಎಂದು ಹೇಳಿ, ಕೈ ತೊಳೆದು ಕೆಲಸಕ್ಕೆ ಹೊರಟುಹೋದ.

ಅಜ್ಜಿಗೆ ಎಪ್ಪತ್ತೊಂದು. ಓಣಿಯ ಮಕ್ಕಳಿಗೆಲ್ಲ ಬುಗುರಿ ಮಾಡಿಕೊಟ್ಟು ಆ ಹೆಸರು ಗಳಿಸಿದ್ದಳು. ಆ ಮಕ್ಕಳ ಮೀಸೆ ಈಗ ನರೆತಿದ್ದರೂ ಹೆಸರು ಮಾತ್ರ ಅಂಟಿಕೊಂಡೇ ಇತ್ತು. ಮನೆಯ ಹಿಂದಿನ ತಗಡಿನ ಶೆಡ್ಡಿನಲ್ಲಿ ನಲವತ್ತು ವರ್ಷದಿಂದ ಅವಳು ಮರ ಕಡೆಯುತ್ತಿದ್ದಳು. ಒಂದು ದಿನವೂ ದುಡ್ಡು ಕೊಟ್ಟು ಮರ ತಂದವಳಲ್ಲ. ಗಾಳಿಗೆ ಮುರಿದ ಕೊಂಬೆ, ಕೆಡವಿದ ಮನೆಯ ಹೊಸ್ತಿಲು, ಯಾರೋ ಬಿಸಾಕಿದ ಮಂಚದ ಕಾಲು, ಊರು ಬೇಡವೆಂದದ್ದೆಲ್ಲ ಅವಳಿಗೆ ಬೇಕು. ಅದರಲ್ಲೇ ಅಂಗೈಯಗಲದ ಬಟ್ಟಲು, ಗೇಣುದ್ದದ ಹೂದಾನಿ ಮಾಡುವಳು. ಅಂಚಿನಲ್ಲಿ ತೊಗಟೆ ಇದ್ದಂತೆಯೇ ಇರುತ್ತಿತ್ತು, ಹುಳ ಕೊರೆದ ತೂತೂ ಇರುತ್ತಿತ್ತು. "ಸ್ವಲ್ಪ ನಯ ಮಾಡಬಾರದಾ?" ಎಂದವರಿಗೆ, "ನಯ ಬೇಕಾದ್ರೆ ಪ್ಲಾಸ್ಟಿಕ್ ತಗೊಳ್ಳಿ" ಎನ್ನುತ್ತಿದ್ದಳು.

ಎರಡು ವರ್ಷದಿಂದ ಕಣ್ಣು ಕೈಕೊಟ್ಟಿತ್ತು. ನೋಡುವುದರ ನಟ್ಟನಡುವೆ ಒಂದು ಬೂದು ಮಚ್ಚೆ, ಸುತ್ತಲಿನದಷ್ಟೇ ಕಾಣುವುದು. ಮಗ ಎದುರು ನಿಂತರೆ ಅವನ ಎರಡು ಕಿವಿ ಕಾಣುತ್ತಿದ್ದವು, ಮುಖ ಕಾಣುತ್ತಿರಲಿಲ್ಲ. "ಒಳ್ಳೇದೇ ಆಯ್ತು, ಗಂಟಿಕ್ಕಿದ ಮುಖ ನೋಡೋದು ತಪ್ಪಿತು" ಎಂದು ಸೊಸೆಯ ಹತ್ತಿರ ನಗುತ್ತಿದ್ದಳು. ಕಣ್ಣಿನ ಡಾಕ್ಟರು ಮಾತ್ರ ನಗಲಿಲ್ಲ. ಹೋದ ಶನಿವಾರ ಮಗನನ್ನು ಪಕ್ಕಕ್ಕೆ ಕರೆದು, "ಇವರನ್ನ ಇನ್ನು ಯಂತ್ರದ ಹತ್ತಿರ ಬಿಡಬೇಡಿ" ಎಂದರು. ಕಣ್ಣು ಹೋದವರಿಗೆ ಕಿವಿಯೂ ಹೋಗಿರುತ್ತದೆ ಎಂದು ಆ ಡಾಕ್ಟರಿಗೆ ಯಾರು ಹೇಳಿದರೋ! ಅಜ್ಜಿಗೆ ಒಂದೊಂದು ಅಕ್ಷರವೂ ಕೇಳಿಸಿತ್ತು.

ಮಗ ಲಿಫ್ಟ್ ರಿಪೇರಿ ಮಾಡುವವನು. ಹಗ್ಗ ಸವೆದಿದೆಯೇ, ಬಾಗಿಲು ಸರಿಯಾಗಿ ಮುಚ್ಚುತ್ತದೆಯೇ ಎಂದು ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ನೋಡುವುದೇ ಅವನ ಹೊಟ್ಟೆಪಾಡು. ಗರಗರ ಸುತ್ತುವ ಮರದ ಪಕ್ಕದಲ್ಲಿ ಅಮ್ಮನ ಹತ್ತು ಬೆರಳು ನೆನೆದರೆ ಅಂಥವನಿಗೆ ಎದೆ ಧಸಕ್ಕೆನ್ನುತ್ತಿತ್ತು. ಪ್ರೀತಿಯಿಂದಲೇ ಕದ್ದ, ಅದು ಅಜ್ಜಿಗೂ ಗೊತ್ತು. ಪ್ರೀತಿಯಿಂದ ಕದ್ದರೆ ಕಳ್ಳತನವಲ್ಲವೇ? ಅವಳಿಗೆ ಮೈಯೆಲ್ಲ ಉರಿದುಹೋಯಿತು.

ಹೊಲಿಗೆ ಯಂತ್ರದ ಬೆಲ್ಟ್ ಹಾಕಿ ನೋಡಿದಳು, ಸಾಲಲಿಲ್ಲ. ಲಂಗದ ಲಾಡಿಗಳನ್ನು ಹೆಣೆದು ಹಾಕಿದಳು. ಮೋಟಾರು ತಿರುಗಿತು, ಲಾಡಿ ಜಾರಿತು, ಮರ ಮಿಸುಕಲಿಲ್ಲ. ಮಧ್ಯಾಹ್ನ ಅಡುಗೆಮನೆಗೆ ಹೋದರೆ ಎಂದಿನಂತೆ ಮಣೆಯ ಮೇಲೆ ತರಕಾರಿ, ಪಕ್ಕದಲ್ಲಿ ಚಾಕು. ಆ ಮನೆಯಲ್ಲಿ ತರಕಾರಿ ಹೆಚ್ಚುವ ಕೆಲಸ ಅವಳದು. ಎಡ ಹೆಬ್ಬೆರಳಿನ ಹೊಸ ಗಾಯವೂ ಆ ಚಾಕುವಿನದೇ, ಲೇತಿನದಲ್ಲ. ಅಜ್ಜಿ ಚಾಕು ಕೈಗೆತ್ತಿಕೊಂಡು ಆ ಗಾಯವನ್ನೊಮ್ಮೆ ಸವರಿಕೊಂಡಳು. ಆಮೇಲೆ ಅದನ್ನು ಟವೆಲ್ಲಿನಲ್ಲಿ ಸುತ್ತಿಟ್ಟಳು.

ಸಂಜೆ ಮಗ ಚಪ್ಪಲಿ ಬಿಡುವ ಮೊದಲೇ ಆ ಗಂಟು ಅವನ ಕೈ ಸೇರಿತು.

"ಏನಮ್ಮ ಇದು?"

"ಚಾಕು. ಬೆಲ್ಟ್ ಇಟ್ಟ ಕಡೆಯೇ ಇದನ್ನೂ ಇಟ್ಟು ಬೀಗ ಹಾಕು. ಕಣ್ಣು ಕಾಣದ ಮುದುಕಿ ಕೈಗೆ ಯಾರಾದ್ರೂ ಚಾಕು ಕೊಡ್ತಾರಾ?"

"ಚಾಕುಗೂ ಲೇತಿಗೂ ಎಲ್ಲಿಂದೆಲ್ಲಿಗಮ್ಮ..."

"ಲೇತು ನಲವತ್ತು ವರ್ಷದಲ್ಲಿ ಒಂದೇ ಒಂದು ಸಲ ಕಚ್ಚಿದೆ. ಈ ಚಾಕು ಈ ತಿಂಗಳಲ್ಲೇ ಮೂರು ಸಲ. ನಿನ್ನ ಊಟಕ್ಕೆ ಬೇಕಾದಾಗ ನನಗೆ ಕಣ್ಣು ಕಾಣುತ್ತೆ, ನನ್ನ ಬಟ್ಟಲಿಗೆ ಬೇಕಾದಾಗ ನಾನು ಕುರುಡಿ. ಅಲ್ವಾ?"

ಮಗ ಗಂಟು ಬಿಚ್ಚಿ ಚಾಕು ನೋಡಿದ. "ನೀನು ಹಿಡಿದ ಮೊಲಕ್ಕೆ ಮೂರೇ ಕಾಲು" ಎಂದು ಗೊಣಗಿದ.

"ಹೌದು, ನಾಲ್ಕನೇದನ್ನ ನೀನು ಕಿತ್ತಿಟ್ಟುಕೊಂಡಿದ್ದೀಯಲ್ಲ!"

ಮೂರು ದಿನ ಮಗನೇ ತರಕಾರಿ ಹೆಚ್ಚಿದ. ಒಂದು ಹೋಳು ಮುಷ್ಟಿಯಷ್ಟು, ಇನ್ನೊಂದು ಸಾಸಿವೆಯಷ್ಟು; ದೊಡ್ಡದು ಹಸಿಹಸಿ, ಚಿಕ್ಕದು ಕರಕಲು. ಅಜ್ಜಿ ತುಟಿಪಿಟಕ್ಕೆನ್ನದೆ ತಿಂದಳು. ನಾಲ್ಕನೆಯ ದಿನ ಸೊಸೆ ತಟ್ಟೆ ಪಕ್ಕಕ್ಕೆ ಸರಿಸಿ, "ರೀ, ನಿಮ್ಮಮ್ಮನ ಬೆರಳು ಉಳಿಸೋಕೆ ಹೋಗಿ ನಮ್ಮ ಹೊಟ್ಟೆ ಕೆಡಿಸ್ತಿದ್ದೀರ. ಆ ಬೆಲ್ಟ್ ಕೊಟ್ಟುಬಿಡಿ" ಎಂದಳು.

ಮಗ ನೀರು ಕುಡಿದು, ಲೋಟ ಕೆಳಗಿಟ್ಟ. "ಸರಿ. ಭಾನುವಾರ ನನ್ನ ಎದುರಿಗೇ ಒಂದು ಮಾಡು. ಕೆಟ್ಟಿತು ಅಂದ್ರೆ ಲೇತು ಮನೆಯಿಂದ ಹೋಗುತ್ತೆ. ಆಮೇಲೆ ಆ ಸುದ್ದಿ ಎತ್ತಬಾರದು."

ಅಜ್ಜಿ ಹೂಂ ಎನ್ನಲಿಲ್ಲ, ಉಹೂಂ ಎನ್ನಲಿಲ್ಲ. "ಹೂದಾನಿ ಮಾಡ್ತೀನಿ. ಕಿರಿಬಾಯಿದು" ಎಂದಳಷ್ಟೆ. ಬಟ್ಟಲು ಮಾಡಿ ಗೆಲ್ಲಬಹುದಿತ್ತು. ಆದರೆ ಅವಳಿಗೆ ಕಷ್ಟದ್ದೇ ಬೇಕಿತ್ತು.

ಭಾನುವಾರ ಶೆಡ್ಡಿನಲ್ಲಿ ರಾಶಿಬಿದ್ದ ತುಂಡುಗಳನ್ನು ಒಂದೊಂದಾಗಿ ಎತ್ತಿ, ಗೆಣ್ಣಿನಿಂದ ಬಡಿದು, ಮೂಸಿ, ಸೊಸೆ ಶಾಲೆಯ ಕಾಂಪೌಂಡಿನ ಹೊರಗಿಂದ ಸ್ಕೂಟರಿನಲ್ಲಿ ಹೊತ್ತು ತಂದಿದ್ದ ಹಿಪ್ಪುನೇರಳೆಯ ತುಂಡನ್ನು ಆರಿಸಿದಳು. ಮಗ ಬೆಲ್ಟ್ ಏರಿಸಿ, ಸ್ವಿಚ್ಚಿನ ಪಕ್ಕದಲ್ಲೇ ಕಾವಲು ನಿಂತ. ಹೊರಮೈ ಒಂದು ಗಂಟೆಯಲ್ಲಿ ಮುಗಿಯಿತು. ಆಮೇಲೆ ಎರಡು ಬೆರಳು ಹಿಡಿಸುವಷ್ಟು ಬಾಯಿ ತೆಗೆದು, ತುದಿ ಬಾಗಿದ ಉದ್ದನೆಯ ಉಳಿಯನ್ನು ಒಳಗಿಳಿಸಿದಳು.

"ಅಮ್ಮಾ, ಒಳಗೇನೂ ಕಾಣಲ್ಲ ನಿನಗೆ!" ಮಗ ಕೂಗಿದ.

ಅಜ್ಜಿ ಯಂತ್ರ ನಿಲ್ಲಿಸಿದಳು. "ನಿನಗೆ ಕಾಣುತ್ತಾ? ನೋಡು."

ಮಗ ಬಗ್ಗಿ ನೋಡಿದ. ಬಾಯೊಳಗೆ ಕತ್ತಲೆ. "ಇಲ್ಲ."

"ನನಗೂ ಯಾವತ್ತೂ ಕಂಡಿಲ್ಲ. ಕಣ್ಣು ಚೆನ್ನಾಗಿದ್ದಾಗಲೂ ಕಂಡಿಲ್ಲ. ಕಿರಿಬಾಯಿ ಒಳಗೆ ಕಡೆಯುವಾಗ ಎಲ್ಲರೂ ಕುರುಡರೇ ಕಣೋ."

ಮತ್ತೆ ಮರ ಸುತ್ತಿತು, ಅಜ್ಜಿ ಕಿವಿಗೊಟ್ಟಳು. ಹೂದಾನಿಯ ಗೋಡೆ ದಪ್ಪವಿದ್ದಾಗ ದನಿ ಗುಂಯ್ಯೆನ್ನುತ್ತಿತ್ತು, ತೆಳುವಾಗುತ್ತಾ ಬಂದಂತೆ ಸಣ್ಣಗಾಗುತ್ತಿತ್ತು. ಆಗಾಗ ನಿಲ್ಲಿಸಿ, ಒಳಗಿನ ಹೊಟ್ಟು ಕೆದಕಿ ತೆಗೆದು, ಒಳಗೆ ತೋರುಬೆರಳು ಹೊರಗೆ ಹೆಬ್ಬೆರಳು ಇಟ್ಟು ಅಳೆದಳು. ಮಗ ಉಸಿರು ಬಿಗಿಹಿಡಿದಿದ್ದವನು ಬರಬರುತ್ತಾ ಗೋಡೆಗೆ ಒರಗಿ ನಿಂತ. ಹೂದಾನಿ ಆಗಿತ್ತು. ಅಲ್ಲಿಗೇ ಬಿಟ್ಟಿದ್ದರೆ ಗೆದ್ದಳೆಂದೇ ಲೆಕ್ಕ. ಆದರೆ ಕಡೆಯುವವರ ಜಾತಿಗೇ ಒಂದು ರೋಗವಿದೆ, ಇನ್ನೊಂದೇ ಒಂದು ಸುರುಳಿ ಮರ ಹೆರೆದು ತೆಗೆದರೆ ಇನ್ನೂ ಚೆನ್ನಾಗುತ್ತದೆ ಎಂಬ ಆಸೆ. ಅಜ್ಜಿ ಇನ್ನೊಂದೇ ಸುರುಳಿ ತೆಗೆಯಲು ಹೋದಳು. ಟಪ್ಪೆಂದಿತು.

ಮಗ ಸ್ವಿಚ್ ಆರಿಸಿ, ಅವಳ ಎರಡೂ ಕೈ ಹಿಡಿದು ಬೆರಳು ಎಣಿಸಿದ. ಹತ್ತೂ ಇದ್ದವು. ಹೂದಾನಿಯ ಹೊಟ್ಟೆಯಲ್ಲಿ ಮಾತ್ರ ಕಿಟಕಿಯಷ್ಟು ತೂತು. ಅಜ್ಜಿ ಅದರ ಅಂಚನ್ನು ಸವರಿದಳು. ಅವಳಿಗೆ ಅಳು ಬಂತು. ಒಳ್ಳೆಯ ಮರವದು, ಒಳ್ಳೆಯ ಆಕಾರ.

"ಸಾಕಮ್ಮಾ," ಮಗ ಮೆಲ್ಲಗೆ ಹೇಳಿದ. "ನೋಡಿದೆಯಲ್ಲ." ಅವನ ಕೈ ಬೆಲ್ಟಿನ ಕಡೆ ಹೋಯಿತು. ಅಷ್ಟರಲ್ಲಿ ಅಜ್ಜಿಯ ಅಂಗೈ ಬೆಲ್ಟಿನ ಮೇಲೆ ಕೂತಿತ್ತು.

"ಏನನ್ನ ನೋಡಬೇಕಿತ್ತೋ?"

"ಕೆಟ್ಟಿತಲ್ಲಮ್ಮ! ಕೆಟ್ಟರೆ ಲೇತು ಹೋಗುತ್ತೆ ಅಂತ ಮಾತಾಗಿತ್ತು."

"ಅದು ನಿನ್ನ ಮಾತು, ನಾನು ಒಪ್ಪಿರಲಿಲ್ಲ. ನೀನು ಚಿಕ್ಕೋನಿದ್ದಾಗ ದಿನಾ ಬಿಸಿನೀರಲ್ಲಿ ಸ್ನಾನ ಮಾಡ್ತಿದ್ದೆಯಲ್ಲ, ಒಲೆಗೆ ಸೌದೆ ಎಲ್ಲಿಂದ ಬರ್ತಿತ್ತು ಅಂದುಕೊಂಡೆ? ನಾನು ಕೆಡಿಸಿದ ಬಟ್ಟಲು, ನಾನು ಒಡೆದ ಹೂದಾನಿ. ಎರಡು ಕಣ್ಣೂ ನೆಟ್ಟಗಿದ್ದಾಗ ಒಡೆದದ್ದು. ನಿನ್ನ ಮೈ ತೊಳೆದದ್ದೇ ನನ್ನ ತಪ್ಪುಗಳಿಂದ. ಆಗ ಯಾರೂ ಬಂದು ಬೆಲ್ಟ್ ಕಿತ್ತುಕೊಳ್ಳಲಿಲ್ಲ. ಆಗ ಒಡೆದರೆ ಆಸೆಬುರುಕಿ ಅಂತಿದ್ದರು, ಈಗ ಒಡೆದರೆ ಕುರುಡಿ ಅಂತೀರಾ? ಇವತ್ತು ಒಡೆದದ್ದೂ ನನ್ನ ಆಸೆಗೇ. ಚೆನ್ನಾಗಿ ಮಾಡಿದರೆ ಮಾತ್ರ ಮಾಡು ಅನ್ನೋದಾದ್ರೆ, ನಾನು ಮೊದಲನೇ ವಾರವೇ ಬಿಡಬೇಕಿತ್ತು. ಕೆಡಿಸೋಕೂ ನನಗೆ ಹಕ್ಕಿದೆ. ಅದನ್ನ ಕಿತ್ತುಕೊಂಡರೆ ಬದುಕಿದ್ದೂ ಏನು?"

ಅವಳಿಗೆ ಕಂಡದ್ದು ಮಗನ ಕಿವಿಗಳಷ್ಟೇ, ಅವು ಕೆಂಪಾಗಿದ್ದವು. ಅಜ್ಜಿ ಒಡೆದ ಹೂದಾನಿಯನ್ನು ಲೇತಿನಿಂದ ಬಿಚ್ಚಿ ಸೌದೆಯ ಬುಟ್ಟಿಗೆ ಹಾಕಿದಳು. ತಡಕಾಡಿ ಇನ್ನೊಂದು ತುಂಡು ಎತ್ತಿ, ಬಡಿದು, ಲೇತಿಗೆ ಬಿಗಿಯತೊಡಗಿದಳು.

ಮಗ ಸ್ವಿಚ್ಚಿನಿಂದ ಲೇತಿನವರೆಗೆ ಹೆಜ್ಜೆಯಲ್ಲಿ ಅಳೆದ. "ಸ್ವಿಚ್ ಅಷ್ಟು ದೂರ ಬೇಡ. ಕಾಲ ಹತ್ತಿರ ಒಂದು ಹಾಕಿಕೊಡ್ತೀನಿ. ಒದ್ದರೆ ನಿಲ್ಲಬೇಕು."

"ಹಾಕು. ನಾಳೆ ಹಾಕು. ಈಗ ಆ ಕಡೆ ಸರಿ, ಬೆಳಕಿಗೆ ಅಡ್ಡ ನಿಂತಿದ್ದೀಯ."

ಮಗ ಸರಿದು ನಿಂತ.