ಜುಟ್ಟಿಗೆ ಮಾವನ ಮದ್ದು

ನನ್ನ ಹೆಂಡತಿ ಹಾಸಿಗೆ ಹಿಡಿದ ಮೇಲೆ ಹಿತ್ತಿಲ ಕಿಟಕಿಯ ಪಕ್ಕದಲ್ಲೇ ಮಲಗುತ್ತಿದ್ದಳು. ಬೆಳಿಗ್ಗೆ ತನ್ನ ಪಾಲಿನ ಪಪ್ಪಾಯಿಯಲ್ಲಿ ಒಂದು ಹೋಳನ್ನು ಕಿಟಕಿಯ ಹೊರಗಿನ ಕಟ್ಟೆಯ ಮೇಲೆ ಇಡಿಸುತ್ತಿದ್ದಳು. ತಲೆಯ ಮೇಲೆ ಕರಿಯ ಜುಟ್ಟು, ಬಾಲದಡಿ ಕೆಂಪು ಇದ್ದ ಒಂದು ಪಿಕಳಾರ ಹಕ್ಕಿ ಬಂದು ತಿಂದು ಹೋಗುತ್ತಿತ್ತು. ಅದಕ್ಕೆ ಜುಟ್ಟಿ ಎಂದು ಹೆಸರಿಟ್ಟಿದ್ದಳು. "ನಾನಿಲ್ಲ ಅಂತ ಅದರ ತಿಂಡಿ ನಿಲ್ಲಿಸ್ಬೇಡಿ" ಎಂದಷ್ಟೇ ಕೊನೆಗೆ ನನ್ನಲ್ಲಿ ಕೇಳಿಕೊಂಡಳು. ನನ್ನ ತಿಂಡಿಯ ವಿಚಾರ ಎತ್ತಲಿಲ್ಲ.

ಅವಳು ತೀರಿಕೊಂಡ ಮೇಲೆ ಕೆಲವು ವಾರ ಮಗಳ ಮನೆಯಲ್ಲಿದ್ದೆ. ಹಿಂದಿರುಗಿ ಹಣ್ಣಿಟ್ಟರೆ ಗುಬ್ಬಿಗಳು ಬಂದವು, ಜುಟ್ಟಿಯ ಸುಳಿವಿಲ್ಲ. ಪ್ರಾರ್ಥನೆಗೆ ಕುಳಿತರೆ ಬಾಯಿ ದೇವರ ಕಡೆ, ಕಿವಿ ಹಿತ್ತಿಲ ಕಡೆ. ಅವಳು ಕೇಳಿದ್ದು ಒಂದೇ ಒಂದು. ಅದೂ ನನ್ನಿಂದ ಆಗಲಿಲ್ಲವಲ್ಲ ಎಂಬ ಕೊರಗು.

ಈ ಸಂಕಟ ನನ್ನ ಭಾವಮೈದುನನ ಕಿವಿಗೆ ಬಿತ್ತು. ಆತ ಔಷಧಿ ಅಂಗಡಿ ನಡೆಸಿ ನಡೆಸಿ ಡಾಕ್ಟರಿಗೇ ಬುದ್ಧಿ ಹೇಳುವಷ್ಟು ಪಳಗಿದವನು. ನನ್ನ ಮಗಳು ಬೆನ್ನ ಹಿಂದೆ ಅವನನ್ನು ಡೋಸ್ ಮಾವ ಎನ್ನುತ್ತಾಳೆ.

"ಭಾವ, ನೀವು ಸುಮ್ನೆ ಕೂತ್ಕೊಳ್ಳಿ. ಹಕ್ಕಿಗೂ ಡೋಸ್ ಸರಿಯಾಗಿ ಬೀಳ್ಬೇಕು."

ಮರುದಿನವೇ ಕಟ್ಟೆಯ ಮೇಲೆ ಮಾತ್ರೆ ಡಬ್ಬಿಗಳು ಸಾಲಾಗಿ ಕುಳಿತವು. ಒಂದರಲ್ಲಿ ಸೂರ್ಯಕಾಂತಿ ಬೀಜ, ಇನ್ನೊಂದರಲ್ಲಿ ನುಚ್ಚು, ಮತ್ತೊಂದರಲ್ಲಿ ಒಣಗಿಸಿದ ಹುಳು. ಮೇಲೆ 'ದಿನಕ್ಕೆ ಎರಡು ಬಾರಿ' ಎಂಬ ಚೀಟಿ. ಹಕ್ಕಿಗಳಿಗೆ ಓದು ಬರಲಿಲ್ಲ, ಇಲಿಗಳಿಗೆ ಬಂತು. ಸಂಜೆಯ ಡೋಸನ್ನು ಅವು ಒಮ್ಮೆಯೂ ತಪ್ಪಿಸಲಿಲ್ಲ.

"ಬೋರ್ಡ್ ಇಲ್ದೆ ಗಿರಾಕಿ ಬರ್ತಾರಾ ಭಾವ?" ಎಂದು ಆತ ಒಳಗೆ ನುಗ್ಗಿ ಮೇಜಿನ ಖಾನೆ ಎಳೆದ. ನನ್ನವಳು ನುಂಗಿ ಮುಗಿಸಿದ ಮಾತ್ರೆಗಳ ಖಾಲಿ ಪಟ್ಟಿಗಳು ಅಲ್ಲಿದ್ದವು. ಬಿಸಾಡಲು ನನಗೆ ಕೈ ಬಂದಿರಲಿಲ್ಲ. ಎಲ್ಲವನ್ನೂ ದಾರಕ್ಕೆ ಪೋಣಿಸಿ ಕಿಟಕಿಗೆ ತೋರಣದಂತೆ ಕಟ್ಟಿದ.

"ಅಕ್ಕನ ನೆನಪೂ ಆಯ್ತು, ಬೋರ್ಡೂ ಆಯ್ತು."

ಬಿಸಿಲಿಗೆ ಅವು ಫಳಫಳ ಹೊಳೆದವು, ಗಾಳಿಗೆ ಚಟಪಟ ಎಂದವು. ನನಗೆ ಎದೆ ತುಂಬಿ ಬಂತು. ಗುಬ್ಬಿಗಳಿಗೆ ಬೇರೇನು ತುಂಬಿ ಬಂತೋ, ಅವೂ ಬರುವುದನ್ನು ನಿಲ್ಲಿಸಿದವು. ಭಾವಮೈದುನ ಗಡ್ಡ ಕೆರೆದುಕೊಂಡು, "ಅಜೀರ್ಣ" ಎಂದು ತೀರ್ಪಿತ್ತು ಡೋಸನ್ನು ಅರ್ಧಕ್ಕಿಳಿಸಿದ.

ಭಾನುವಾರ ಮಗಳು ಬಂದಳು. ಹಿತ್ತಿಲಿಗೆ ಹೋದವಳೇ, "ಮಾವ, ಇಂಥ ಪಟ್ಟಿ ಇನ್ನೂ ಇದ್ಯಾ? ನಂಗೂ ಬೇಕಿತ್ತು" ಎಂದಳು.

ಆತ ಉಬ್ಬಿಹೋದ. "ಕೇಳಿಸ್ಕೊಂಡ್ರಾ ಭಾವ? ನಿನ್ನ ಹಿತ್ತಿಲಿಗೂ ಹಕ್ಕಿ ಬರ್ಬೇಕೇನಮ್ಮಾ?"

"ಅಯ್ಯೋ, ಬರ್ಬಾರ್ದು ಅಂತ! ಟೊಮೆಟೊ ಒಂದನ್ನೂ ಬಿಡ್ದೆ ಕುಕ್ತಿವೆ. ಪಕ್ಕದ್ಮನೆಯವ್ರು ಹೀಗೇ ಹೊಳೆಯೋದೇನೋ ಕಟ್ಟಿದಾರೆ, ಒಂದು ಪಿಳ್ಳೆನೂ ಹತ್ರ ಸುಳಿಯಲ್ಲ."

ಕಿಟಕಿಯಲ್ಲಿ ಪಟ್ಟಿಗಳು ಮತ್ತೆ ಚಟಪಟ ಎಂದವು.

"ಎಲ್ಲಾ ಮದ್ದಿಗೂ ಅಡ್ಡ ಪರಿಣಾಮ ಇದ್ದಿದ್ದೇ" ಎಂದ ಡೋಸ್ ಮಾವ, ಆಕಾಶ ನೋಡುತ್ತ.

ನಾನೇ ಎದ್ದು ದಾರ ಬಿಚ್ಚಿದೆ. ನನ್ನವಳನ್ನು ಉಳಿಸಲಾರದ ಪಟ್ಟಿಗಳು ಅವಳ ಹಕ್ಕಿಯನ್ನೂ ಓಡಿಸುತ್ತಿದ್ದವು. ಮತ್ತೆ ಖಾನೆಗೆ ಹಾಕಲು ಹೋದವನು ತಡೆದುಕೊಂಡು, ಮಗಳ ಕೈಗೆ ಕೊಟ್ಟೆ.

"ತಗೊಂಡ್ಹೋಗಮ್ಮ. ಟೊಮೆಟೊ ಆದ್ರೂ ಉಳೀಲಿ."

ಡಬ್ಬಿಗಳನ್ನು ಎತ್ತಿಟ್ಟು, ಕಟ್ಟೆಯ ಮೇಲೆ ದಿನವೂ ಒಂದೇ ಒಂದು ಹೋಳು ಪಪ್ಪಾಯಿ ಇಡತೊಡಗಿದೆ. ಮೊದಲು ಗುಬ್ಬಿಗಳು ಬಂದವು. ಆಮೇಲೊಂದು ಬೆಳಿಗ್ಗೆ ಪ್ರಾರ್ಥನೆಯ ನಡುವೆ ಕಟ್ಟೆಯ ಮೇಲೆ ಸದ್ದಾಯಿತು. ದೇವರ ಅಪ್ಪಣೆ ಕೇಳದೆಯೇ ಕಣ್ಣು ತೆರೆದೆ. ಕರಿಯ ಜುಟ್ಟು, ಬಾಲದಡಿ ಕೆಂಪು. ಅದೇ ಜುಟ್ಟಿಯೋ ಅದರ ಸೋದರತ್ತೆಯೋ, ನಾನು ವಿಚಾರಿಸಲಿಲ್ಲ. ಹಣ್ಣು ತಿಂದು, ಕೊಕ್ಕನ್ನು ಕಟ್ಟೆಗೆ ಒರೆಸಿ, ಅಲ್ಲೇ ಉಳಿದಿದ್ದ 'ದಿನಕ್ಕೆ ಎರಡು ಬಾರಿ' ಎಂಬ ಚೀಟಿಯ ಮೇಲೆ ಹಿಕ್ಕೆ ಹಾಕಿ ಹಾರಿತು.

ಭಾವಮೈದುನನಿಗೆ ಫೋನ್ ಮಾಡಿ ತಿಳಿಸಿದೆ.

"ನಾನು ಹೇಳಿರ್ಲಿಲ್ವಾ ಭಾವ?" ಎಂದ. "ಮದ್ದು ಹಿಡಿಯೋಕೆ ಸ್ವಲ್ಪ ಟೈಮ್ ಬೇಕು."

ಫೋನ್ ಕೆಳಗಿಟ್ಟು ಇನ್ನೊಂದು ಹೋಳು ಕೊಯ್ದೆ, ನನ್ನ ತಿಂಡಿಗೆ.